ಬಾನಿನಿಂದಿಳಿವ ಬಲೂನು: ಒಂದು ಮೀಮಾಂಸೆ

ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರದ ನೆರೆಯ ತಾಲ್ಲೂಕು ಬೀದರ್ ಜಿಲ್ಲೆಯ ಹುಮನಾಬಾದ್. ಅಲ್ಲಿನ ಜಲಸಂಗಿ ಗ್ರಾಮದಲ್ಲಿ 2025ರ ಜನವರಿಯಲ್ಲಿ ಭಾರಿ ಬಲೂನೊಂದು ಉಪಕರಣಗಳ ಸಮೇತ ಜನವಸತಿಗೇ ಬಂದಿಳಿಯಿತು. ಊರು ಬೆಚ್ಚಿತು. ಅದನ್ನು ಹಾರಿಸಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಬಲೂನು ಕೇಂದ್ರ. ಇದು ವಿಷಯ. ಇಂಥ ಪ್ರಯೋಗಗಳು ನಮ್ಮ ಹೊಲ, ಊರುಗಳ ಮೇಲೆ ನಡೆಯಬೇಕೆ? ನಡೆಯುವುದಾದರೆ ಯಾರ ಹೊಣೆ ಎಷ್ಟು? ಇದು ಸಂಶಯ.

ಮೊದಲ ಪೂರ್ವಪಕ್ಷ, ಅಂದರೆ ಆಕ್ಷೇಪ, ಹೀಗಿದೆ: ಉಪಗ್ರಹಗಳಿರುವಾಗ ಬಲೂನು ಏಕೆ? ಉತ್ತರ ಎತ್ತರದಲ್ಲಿದೆ. ನೆಲದಿಂದ 25ರಿಂದ 40 ಕಿ.ಮೀ. ಮೇಲಿನ ಪದರ ವಿಮಾನಕ್ಕೆ ಎಟುಕದು, ಅಷ್ಟು ಕೆಳಗೆ ಉಪಗ್ರಹ ಸುತ್ತಲಾರದು. ಅಲ್ಲಿ ತಾಸುಗಟ್ಟಲೆ ನಿಂತು ನೋಡಬಲ್ಲದ್ದು ಬಲೂನೊಂದೇ. ಅದು ಅಲ್ಲಿ ನಿಲ್ಲುವುದು ಹೀಗೆ: ಬಿಡುವಾಗ ಪಾಲಿಥೀನ್ ಚೀಲದ ನೆತ್ತಿಯಲ್ಲಷ್ಟೇ ಜಲಜನಕವಿದ್ದು, ಉಳಿದದ್ದು ಜೋತಾಡುತ್ತಿರುತ್ತದೆ. 30 ಕಿ.ಮೀ. ಮೇಲೆ ಗಾಳಿಯ ಒತ್ತಡ ನೆಲದಲ್ಲಿರುವುದರ ನೂರರಲ್ಲೊಂದು ಪಾಲಿನಷ್ಟು. ಏರಿದಂತೆ ಅನಿಲ ಹಿಗ್ಗಿ ಚೀಲ ತುಂಬುತ್ತದೆ. ಹೆಚ್ಚಾದದ್ದು ಕೆಳಗಿನ ತೆರೆದ ನಾಳಗಳಿಂದ ಹೊರಬೀಳುತ್ತದೆ. ಬಲೂನು ಒಡೆಯದೆ ಅದೇ ಎತ್ತರದಲ್ಲಿ ತೇಲುತ್ತದೆ. ನಡುದಾರಿಯಲ್ಲಿ ಒಂದು ಗಂಡಾಂತರವಿದೆ. ನಮ್ಮ ಉಷ್ಣವಲಯದಲ್ಲಿ 16–17 ಕಿ.ಮೀ. ಎತ್ತರದ ಚಳಿ ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುತ್ತದೆ, ಯುರೋಪಿನ ಬಾನಿನಲ್ಲೂ ಸಾಮಾನ್ಯವಾಗಿ ಇಷ್ಟು ಚಳಿ ಇಲ್ಲ. ಸಾಧಾರಣ ಪ್ಲಾಸ್ಟಿಕ್ ಅಲ್ಲಿ ಪೆಡಸಾಗಿ ಸೀಳುತ್ತದೆ. ಅದಕ್ಕೆಂದೇ ಈ ಚಳಿ ತಡೆಯುವ ಹಾಳೆ ರೂಪಿಸಿ, ಬಲೂನನ್ನೂ ಹೈದರಾಬಾದಿನಲ್ಲೇ ಬೆಸೆಯುತ್ತಾರೆ.

ಫಲವೇನು? 1912ರಲ್ಲಿ ವಿಕ್ಟರ್ ಹೆಸ್ ತಾನೇ ಬಲೂನೇರಿ 5 ಕಿ.ಮೀ. ದಾಟಿದಾಗ, ಮೇಲೇರಿದಂತೆ ವಿಕಿರಣ ಹೆಚ್ಚುವುದು ಕಂಡಿತು. ವಿಶ್ವಕಿರಣಗಳು ಗೊತ್ತಾದದ್ದು ಹಾಗೆ. 1939–40ರಲ್ಲಿ ಅಮೆರಿಕದ ಮಿಲಿಕನ್ ತಂಡ ಅದೇ ಕಿರಣಗಳನ್ನು ಅಳೆಯಲು ಬೆಂಗಳೂರಿನಿಂದಲೂ ಬಲೂನು ಹಾರಿಸಿತು. ಆಗ ಅಲ್ಲೇ ಇದ್ದ ಹೋಮಿ ಭಾಭಾ 1945ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಟಾಟಾ ಸಂಸ್ಥೆಗೆ ಅಂಕುರ ಹಾಕಿ, ಅದೇ ವರ್ಷ ಮುಂಬೈಗೆ ಒಯ್ದರು. ಇನ್ನು 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದೇರಿದ ಬಲೂನು 20ರಿಂದ 41 ಕಿ.ಮೀ. ನಡುವಿನ ಗಾಳಿಯನ್ನು ಉಕ್ಕಿನ ಕೊಳವೆಗಳಲ್ಲಿ ಹಿಡಿದು ತಂದಿತು. ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾಗಳು ಸಿಕ್ಕವು. ಒಂದಕ್ಕೆ ಆರ್ಯಭಟನ ಹೆಸರು. ಮೇಲಿನ ಗಾಳಿಯನ್ನೇ ಹಿಡಿದು ಪ್ರಯೋಗಶಾಲೆಗೆ ಕೊಡುವ ಈ ಕೆಲಸ ಕಕ್ಷೆಯಲ್ಲಿ ಸುತ್ತುವ ಉಪಗ್ರಹದಿಂದ ಆಗದು.

ಎರಡನೆಯ ಆಕ್ಷೇಪ: ಆಗಲಿ, ನಮ್ಮ ಮೇಲೇ ಏಕೆ? ಹೈದರಾಬಾದು ಭೂಕಾಂತ ಸಮಭಾಜಕಕ್ಕೆ ಹತ್ತಿರ. ಅಲ್ಲಿ ಭೂಮಿಯ ಕಾಂತಕ್ಷೇತ್ರ ಕಡಿಮೆ ಶಕ್ತಿಯ ವಿಶ್ವಕಿರಣಗಳನ್ನು ಹಿಂದಕ್ಕಟ್ಟುವುದರಿಂದ, ದೂರದ ನಕ್ಷತ್ರಗಳ ಕ್ಷೀಣ ಎಕ್ಸ್-ಕಿರಣಗಳೂ ಹೆಚ್ಚು ಗದ್ದಲವಿಲ್ಲದೆ ದಾಖಲಾಗುತ್ತವೆ. ಬಲೂನಿನ ದಿಕ್ಕನ್ನು ಗಾಳಿ ನಿರ್ಧರಿಸುತ್ತದೆ. ಚಳಿಗಾಲದಲ್ಲಿ ಹತ್ತು-ಹನ್ನೆರಡು ಕಿ.ಮೀ. ಮೇಲಿನ ಬಿರುಗಾಳಿ ಪೂರ್ವಕ್ಕೆ ತಳ್ಳಿದರೆ, ಇನ್ನೂ ಮೇಲಿನ ಗಾಳಿ ಎಷ್ಟೋ ಸಲ ಪಶ್ಚಿಮಕ್ಕೆ ಎಳೆದು ತರುತ್ತದೆ. ಪಶ್ಚಿಮಕ್ಕೆ ಬೀದರ್, ಕಲಬುರಗಿ.

ಮೂರನೆಯ ಆಕ್ಷೇಪವೇ ಬಲವಾದದ್ದು: ಮನೆಯ ಮೇಲೆ ಬಿದ್ದರೆ? ಬೆಳೆ ಹಾಳಾದರೆ? ದನ ಪ್ಲಾಸ್ಟಿಕ್ ತಿಂದರೆ? ಪ್ರಯೋಗ ಮುಗಿದ ಮೇಲೆ ಉಪಕರಣ ಪ್ಯಾರಾಚೂಟಿನಲ್ಲಿ ನಿಧಾನವಾಗಿ ಇಳಿಯುತ್ತದೆ, ದಾರಿಯುದ್ದಕ್ಕೂ ನಿಗಾ ಇರುತ್ತದೆ ಎಂಬ ಸಮಾಧಾನ ನಿಜ, ಆದರೆ ಪೂರ್ಣವಲ್ಲ. ಪ್ಯಾರಾಚೂಟಿಗೆ ಚುಕ್ಕಾಣಿ ಇಲ್ಲ. ಆದ್ದರಿಂದ ಈ ಆಕ್ಷೇಪ ಬಿದ್ದುಹೋಗುವುದಿಲ್ಲ, ಹೊಣೆಯಾಗಿ ನಿಲ್ಲುತ್ತದೆ: ಹಾಳೆಯ ಚೂರೂ ಬಿಡದೆ ಎತ್ತುವುದು, ನಷ್ಟ ಕಟ್ಟಿಕೊಡುವುದು, ಮೊದಲೇ ತಿಳಿಸುವುದು ಹಾರಿಸಿದವರ ಧರ್ಮ.

ಕೊನೆಯ ಪೂರ್ವಪಕ್ಷ: ನನ್ನ ಹೊಲದಲ್ಲಿ ಬಿದ್ದದ್ದು ನನ್ನದಲ್ಲವೆ? ಇದಕ್ಕೆ ಉತ್ತರ ಹೇಳಬಲ್ಲವನು ನಮ್ಮ ಜಿಲ್ಲೆಯ ಮರತೂರಿನವನೆಂದು ನಾವು ನೆನೆಯುವ ವಿಜ್ಞಾನೇಶ್ವರ. ಕಳೆದುಹೋಗಿ ಸಿಕ್ಕ ವಸ್ತು, ಗುರುತು ಹೇಳಿ ಸಾಬೀತುಪಡಿಸಿದ ಒಡೆಯನಿಗೇ ಸೇರಬೇಕೆಂಬ ಯಾಜ್ಞವಲ್ಕ್ಯನ ನಿಯಮವನ್ನು ಅವನ ವ್ಯಾಖ್ಯಾನ ಮಿತಾಕ್ಷರಾ ವಿವರಿಸುತ್ತದೆ. ಬಲೂನಿನ ಪೆಟ್ಟಿಗೆಯಲ್ಲಿ ವಿಳಾಸವೇ ಇರುತ್ತದೆ, ಇದಕ್ಕಿಂತ ಗುರುತು ಬೇಕೆ? ತಿಳಿಸಿದವರಿಗೆ ಸಂಸ್ಥೆ ಬಹುಮಾನವನ್ನೂ ಕೊಡುತ್ತದೆ.

ಹಾಗಾಗಿ ಸಿದ್ಧಾಂತ: ಪ್ರಯೋಗ ನಡೆಯಲಿ, ಆದರೆ ತಿಳಿವಳಿಕೆ ಅದಕ್ಕಿಂತ ಮುಂಚೆ ರೈತನನ್ನು ತಲುಪಲಿ. ಬಲೂನು ಹಾರುವ ಕಾಲದಲ್ಲೇ ತೊಗರಿ ರಾಶಿಯ ತಿಂಗಳುಗಳೂ ಬರುತ್ತವೆ. ಆ ತಿಂಗಳುಗಳಲ್ಲಿ ಕಮಲಾಪುರ, ಆಳಂದ, ಚಿತ್ತಾಪುರ ಕಡೆಯ ರೈತರು ಚೀಲ ಹೇರಿಕೊಂಡು ಕಲಬುರಗಿಯ ಮಾರುಕಟ್ಟೆ ನೆಹರು ಗಂಜ್‌ಗೆ ಬರುತ್ತಾರೆ. ಪತ್ರಿಕೆಯ ಮೂಲೆಯ ಪ್ರಕಟಣೆ ಅವರಿಗೆ ಮುಟ್ಟದು. ಜಿಲ್ಲಾಡಳಿತವೂ ಎಪಿಎಂಸಿಯೂ ಪ್ರತಿ ಹಂಗಾಮಿಗೂ ಸವಾಲು ನಡೆಯುವಲ್ಲಿ, ಅಡತಿ ಅಂಗಡಿಗಳ ಮುಂದೆ ಕನ್ನಡದ ಸೂಚನೆ ಹಾಕಿಸಲಿ, ಮೈಕಿನಲ್ಲಿ ಸಾರಿಸಲಿ.

ನಿಮ್ಮ ಹೊಲದಲ್ಲಿ ಬಿದ್ದರೆ ಬಿಚ್ಚಬೇಡಿ, ಹಗ್ಗ ಕೊಯ್ಯಬೇಡಿ. ಕೆಲವು ಉಪಕರಣಗಳಲ್ಲಿ ಹೈ ವೋಲ್ಟೇಜ್ ಇರುತ್ತದೆ. ಮಕ್ಕಳನ್ನೂ ದನಗಳನ್ನೂ ದೂರ ನಿಲ್ಲಿಸಿ, ಪೊಲೀಸ್ ಠಾಣೆಗೆ ತಿಳಿಸಿ.