ಮೈಯ ಸಿದ್ಧಿಯೋ, ಮನದ ಶೋಧನೆಯೋ?



ಸೇಲಂ ಕಡೆ ವ್ಯಾಪಾರಕ್ಕೆ ಹೋಗಿಬರುವ ನಮ್ಮವರಿಗೆ ಕಂಜಮಲೆ ಹೊಸದಲ್ಲ. ಕಬ್ಬಿಣದ ಅದಿರಿಗೆ ಹೆಸರಾದ ಬೆಟ್ಟವದು. ಅದರ ತಪ್ಪಲಲ್ಲಿ ಸಿದ್ಧರ ಗುಡಿಯಿದೆ. ಅಮಾವಾಸ್ಯೆಗೆ ಅಲ್ಲಿ ಜನ ನೆರೆಯುತ್ತಾರೆ. ಮುಪ್ಪನ್ನು ಗೆಲ್ಲುವ ಮೂಲಿಕೆಯನ್ನು ಅರಸುತ್ತ ಸಿದ್ಧರು ಈ ಬೆಟ್ಟಕ್ಕೆ ಬಂದಿದ್ದರಂತೆ. ಅಡುಗೆ ಮಾಡುತ್ತಿದ್ದ ವಯಸ್ಸಾದ ಶಿಷ್ಯನೊಬ್ಬ ಅಲ್ಲೇ ಸಿಕ್ಕ ಕಡ್ಡಿಯಿಂದ ಅನ್ನವನ್ನು ಕಲಕಿದನಂತೆ. ಅನ್ನ ಕಪ್ಪಾಯಿತು. ಗುರುವಿಗೆ ಹೆದರಿ ಅದನ್ನು ತಾನೇ ಉಂಡು ತರುಣನಾದನೆಂಬುದು ಐತಿಹ್ಯ.

ಮುಪ್ಪು, ರೋಗಗಳು ಯಾರಿಗೂ ಬೇಡ. ಆದರೆ ನಮ್ಮದೊಂದು ಪ್ರಶ್ನೆ: ಮುದುಕನು ತರುಣನಾದರೆ, ಅವನೊಳಗಿನ ಸಿಟ್ಟು, ಆಸೆ, ಹೊಟ್ಟೆಕಿಚ್ಚುಗಳ ಗತಿಯೇನು? ಅವೂ ತರುಣವಾದರೆ ಗಳಿಸಿದ್ದೇನು?

ಇದೇ ಪ್ರಶ್ನೆಯನ್ನು ಅಲ್ಲಮಪ್ರಭುಗಳ ಕಥೆಯಲ್ಲಿಯೂ ಕಾಣುತ್ತೇವೆ. ಯೋಗಸಾಧನೆಯಿಂದ ವಜ್ರದಂಥ ಮೈಯನ್ನು ಪಡೆದಿದ್ದ ಗೋರಕ್ಷನು ಪ್ರಭುಗಳ ಕೈಗೆ ಕತ್ತಿಯನ್ನು ಕೊಟ್ಟು, ಹೊಡೆದು ನೋಡಿರೆಂದನು. ಕತ್ತಿ ತಗುಲಿ ಖಣಿಲೆಂದಿತು, ಮೈಗೆ ಗಾಯವಾಗಲಿಲ್ಲ. ಬಳಿಕ ಗೋರಕ್ಷನು ಪ್ರಭುಗಳನ್ನು ಹೊಡೆದಾಗ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಗೋರಕ್ಷನು ತಲೆಬಾಗಿದನು. ಮೈ ಗಟ್ಟಿಯಾಗಿತ್ತು, ಜೊತೆಗೆ "ನನ್ನ ಮೈ" ಎಂಬ ಹಮ್ಮೂ ಗಟ್ಟಿಯಾಗಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಚಾಮರಸ ಕವಿಯು 15ನೆಯ ಶತಮಾನದಲ್ಲಿ 'ಪ್ರಭುಲಿಂಗಲೀಲೆ'ಯಲ್ಲಿ ಹಾಡಿದ ಪ್ರಭುಗಳ ಚರಿತೆಯನ್ನು 17ನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದರು. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಅದು ಎರಡರಲ್ಲೂ ದೊರೆತಿರುವುದು ಭಾಗ್ಯವೇ ಸರಿ.

ಹಾಗೆಂದು ಶರಣರು ಮೈಯನ್ನು ಹಳಿದವರಲ್ಲ. ಮೈ ದಣಿಯದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆದರೆ ಮೈಯನ್ನು ದಂಡಿಸಿದ ಮಾತ್ರಕ್ಕೆ ಮನಸ್ಸು ತಿದ್ದಿತೆಂದು ತಿಳಿಯಬಾರದು. ಒಂದು ಶಿವರಾತ್ರಿ ನಾವು ಉಪವಾಸವಿದ್ದು ಜಾಗರಣೆ ಮಾಡಿದೆವು. ಬೆಳಿಗ್ಗೆ ಹಾಲು ತಡವಾಗಿ ತಂದ ಹುಡುಗನನ್ನು ಬಾಯಿಗೆ ಬಂದಂತೆ ಬೈದೆವು. ಹೊಟ್ಟೆ ಉಪವಾಸವಿತ್ತು, ನಾಲಿಗೆ ಇರಲಿಲ್ಲ.

"ದಿನವಿಡೀ ದುಡಿದು ಬಂದವನಿಗೆ ಮನಸ್ಸನ್ನು ಶೋಧಿಸಲು ಪುರುಸೊತ್ತೆಲ್ಲಿ ಸ್ವಾಮಿ?" ಎಂದು ಕೆಲವರು ಕೇಳುತ್ತಾರೆ. ಬೇರೆ ಹೊತ್ತು ಬೇಕಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸುವಾಗ ಮನಸ್ಸು ಎಲ್ಲಿಗೆ ಓಡುತ್ತದೆ ನೋಡಿರಿ. ಹುಣಿಸೆಯ ದರಕ್ಕೆ ಓಡೀತು, ಮಾವಿನ ತೋಪಿನ ಗುತ್ತಿಗೆಗೆ ಓಡೀತು, ಅಣ್ಣನೊಡನೆ ಬಾವಿ ನೀರಿನ ಸರದಿಗಾಗಿ ಆಡಿದ ಜಗಳಕ್ಕೆ ಓಡೀತು. ಪೂಜೆ ಕೆಟ್ಟಿತೆಂದು ಕಣ್ಣು ಮುಚ್ಚಿಕೊಳ್ಳಬೇಡಿರಿ. ಅದು ಮತ್ತೆ ಮತ್ತೆ ಅಲ್ಲಿಗೇ ಏಕೆ ಹೋಗುತ್ತಿದೆ, ಅಲ್ಲಿ ನಮ್ಮ ತಪ್ಪೆಷ್ಟು ಎಂದು ಕೇಳಿಕೊಳ್ಳಿರಿ.

ಇಲ್ಲೊಂದು ಎಚ್ಚರ ಬೇಕು. ಮನಸ್ಸು ತನ್ನನ್ನು ತಾನೇ ತೂಗುವಾಗ ತಕ್ಕಡಿಗೆ ಬೆರಳು ಒತ್ತುತ್ತದೆ. ಕೊಡಬೇಕಾದ ಸಾಲವನ್ನು ಮರೆತು, ಬರಬೇಕಾದ ಬಾಕಿಯನ್ನು ಮಾತ್ರ ಬರೆದಿಡುತ್ತದೆ. ಆದ್ದರಿಂದಲೇ 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಒಬ್ಬೊಬ್ಬರೇ ಕೂರದೆ ಅನುಭವ ಮಂಟಪದಲ್ಲಿ ಕೂಡಿ ಕುಳಿತು ತಮ್ಮ ಅನುಭಾವವನ್ನು ಒರೆಗೆ ಹಚ್ಚಿದರು. ನಮ್ಮ ಮನೆಗಳಲ್ಲೂ ಒರೆಗಲ್ಲುಗಳಿವೆ. ನಮ್ಮ ಸಿಟ್ಟು ಇಳಿದಿದೆಯೇ ಎಂದು ಹೆಂಡತಿ ಮಕ್ಕಳನ್ನೂ ಆಳನ್ನೂ ಕೇಳಿದರೆ ಸಾಕು, ಉತ್ತರ ತಿಳಿದುಬರುತ್ತದೆ.

ಇನ್ನು, ಕಂಡುಕೊಂಡ ಮೇಲೆ ಸುಮ್ಮನಿದ್ದರೆ ಶೋಧನೆ ಅರ್ಧಕ್ಕೇ ನಿಂತಂತೆ. ಪಕ್ಕದ ಹೊಲದ ಬದುವನ್ನು ಒತ್ತಿದವರು ನಾವೇ ಎಂದು ಪೂಜೆಯಲ್ಲಿ ತೋರಿದರೆ, ಪೂಜೆ ಮುಗಿಸಿ, ಸನಿಕೆ ಹಿಡಿದು ಹೋಗಿ ಬದುವನ್ನು ಮೊದಲಿದ್ದಲ್ಲಿಗೆ ಹಾಕಬೇಕು. ಮನಸ್ಸು ಕಂಡದ್ದನ್ನು ಮಾಡಿ ಮುಗಿಸಲು ಕೈಕಾಲು ಬೇಕು. ಮೈಯನ್ನು ಶಿವನು ನಮಗೆ ಕೊಟ್ಟಿರುವುದು ಅದಕ್ಕಾಗಿಯೇ ಎಂದು ನಾವು ನಂಬಿದ್ದೇವೆ.