ದೋಷಪ್ರಕಾಶನ ಮತ್ತು ದೋಷೋಪಗೂಹನ

ಕನ್ನಡದ ನಿತ್ಯವ್ಯವಹಾರದಲ್ಲಿ ‘ಆಲೋಚನೆ’ ಎಂದರೆ ಮನಸ್ಸಿನೊಳಗೆ ನಡೆಯುವ ವಿಚಾರ. ಜೈನ ಆಚಾರಶಾಸ್ತ್ರದಲ್ಲಿ ಅದೇ ಶಬ್ದಕ್ಕೆ ಬೇರೊಂದು ಅರ್ಥವಿದೆ. ತನ್ನಿಂದ ಪ್ರಮಾದವಶಾತ್ ನಡೆದ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸುವುದೇ ಅಲ್ಲಿ ಆಲೋಚನೆ. ‘ಲೋಚನ’ ಎಂಬ ಶಬ್ದವನ್ನು ಬಲ್ಲವರಿಗೆ ಇವೆರಡರ ಸಂಬಂಧ ಕಷ್ಟವಲ್ಲ. ಎರಡೂ ಕಾಣುವ ಕ್ರಿಯೆಗೆ ಸೇರಿದವು. ಒಂದರಲ್ಲಿ ಮನುಷ್ಯನು ತಾನೇ ಕಾಣುತ್ತಾನೆ. ಇನ್ನೊಂದರಲ್ಲಿ ತನ್ನನ್ನು ಇನ್ನೊಬ್ಬರಿಗೆ ಕಾಣಗೊಡುತ್ತಾನೆ. ಮೊದಲನೆಯದು ಸುಲಭ, ಎರಡನೆಯದು ದುಷ್ಕರ. ವ್ರತೋಪವಾಸಗಳನ್ನು ಆಚರಿಸುವ ಶ್ರಾವಕ ಶ್ರಾವಿಕೆಯರು ಈ ಎರಡನೆಯ ಅರ್ಥವನ್ನು ಮರೆತರೆ ಉಪವಾಸದ ಫಲವೇನಾದೀತೆಂಬುದು ವಿಚಾರಾರ್ಹ.

ತತ್ತ್ವಾರ್ಥಸೂತ್ರದಲ್ಲಿ ತಪಸ್ಸಿನ ವಿಭಾಗವನ್ನು ನೋಡಿದರೆ ಬಾಹ್ಯ ತಪಸ್ಸು ಆರು, ಆಭ್ಯಂತರ ತಪಸ್ಸು ಆರು. ಬಾಹ್ಯದಲ್ಲಿ ಮೊದಲನೆಯದು ಅನಶನ. ಆಭ್ಯಂತರದಲ್ಲಿ ಮೊದಲನೆಯದು ಪ್ರಾಯಶ್ಚಿತ್ತ. ಆ ಪ್ರಾಯಶ್ಚಿತ್ತಕ್ಕೆ ಹೇಳಿದ ಒಂಬತ್ತು ಭೇದಗಳಲ್ಲಿ ಮೊದಲು ನಿಲ್ಲುವುದು ಆಲೋಚನೆ. ಆಹಾರತ್ಯಾಗವು ಹೊರಬಾಗಿಲಾದರೆ ದೋಷನಿವೇದನೆಯು ಒಳಬಾಗಿಲು. ಹೊರಬಾಗಿಲಲ್ಲಿಯೇ ನಿಂತವನು ಮನೆಯನ್ನು ಕಂಡಂತಾಗಲಿಲ್ಲ.

ಉಪವಾಸ ಮಾಡಿದವರಿಗೆ ನಿವೇದಿಸಬೇಕಾದ ದೋಷವೇನಿದೆ ಎಂದು ಕೆಲವರು ಕೇಳಬಹುದು. ಪ್ರೋಷಧೋಪವಾಸಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮೊದಲ ಮೂರು, ಜೀವಜಂತುಗಳಿವೆಯೇ ಎಂದು ನೋಡದೆ, ಮೃದುವಾಗಿ ಗುಡಿಸದೆ, ನೆಲದ ಮೇಲೆ ಮಲಾದಿಗಳನ್ನು ವಿಸರ್ಜಿಸುವುದು, ವಸ್ತುಗಳನ್ನು ಎತ್ತಿಕೊಳ್ಳುವುದು, ಹಾಸನ್ನು ಹಾಸುವುದು. ಇವು ಪಕ್ಕದಲ್ಲಿದ್ದವರ ಕಣ್ಣಿಗೆ ಬೀಳುವಂಥವು. ಉಳಿದೆರಡು, ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಹಸಿವಿನಿಂದ ಬೇಸತ್ತು ವ್ರತದಲ್ಲಿ ಆದರ ಕುಂದುವುದು ಅನಾದರ. ಮಾಡಬೇಕಾದುದನ್ನು ಮರೆಯುವುದು ಸ್ಮೃತ್ಯನುಪಸ್ಥಾನ. ಇವನ್ನು ಯಾರೂ ಕಾಣಲಾರರು. ಚತುರ್ದಶಿಯ ಮಧ್ಯಾಹ್ನ ಸಾಮಾಯಿಕಕ್ಕೆ ಕುಳಿತವರ ಮನಸ್ಸು ಮರುದಿನದ ಪಾರಣೆಯ ಅಡುಗೆಯಲ್ಲಿ ಸುಳಿದಾಡುತ್ತಿದ್ದರೆ ಅದನ್ನು ಬಲ್ಲವರು ಅವರೊಬ್ಬರೇ. ಅವರೇ ತಿಳಿಸದಿದ್ದರೆ ಆ ದೋಷವು ತಿಳಿಯುವ ಮಾರ್ಗವಿಲ್ಲ.

ತನ್ನಲ್ಲಿಯೇ ಪಶ್ಚಾತ್ತಾಪಪಟ್ಟರೆ ಸಾಲದೆ ಎಂಬ ಪ್ರಶ್ನೆಗೂ ಶಾಸ್ತ್ರದ ಶಬ್ದಗಳಲ್ಲಿಯೇ ಉತ್ತರವಿದೆ. ಆತ್ಮಸಾಕ್ಷಿಯಾಗಿ ತನ್ನ ದೋಷವನ್ನು ಹಳಿದುಕೊಳ್ಳುವುದು ನಿಂದೆ. ಗುರುಸಾಕ್ಷಿಯಾಗಿ ಹಳಿದುಕೊಳ್ಳುವುದು ಗರ್ಹೆ. ಒಂದೇ ಸಾಕಾಗಿದ್ದರೆ ಎರಡು ಹೆಸರು ಬೇಕಿರಲಿಲ್ಲ. ಆತ್ಮನಿಂದೆಯಲ್ಲಿ ಅಪರಾಧಿಯೂ ನ್ಯಾಯಾಧೀಶನೂ ಒಬ್ಬನೇ ಆಗಿರುವುದರಿಂದ ತೀರ್ಪು ಹೆಚ್ಚಾಗಿ ಮೃದುವಾಗಿಯೇ ಇರುತ್ತದೆ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬುದು ಸುವಿದಿತ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮರೆಮಾಚುವಿಕೆಯೇ ಮಾಯಾಶಲ್ಯ. ಶಲ್ಯವೆಂದರೆ ಮುಳ್ಳು. ಹಿಮ್ಮಡಿಯಲ್ಲಿ ಮುರಿದ ಮುಳ್ಳು ನಡೆಯುವವನಿಗೆ ನೋಯುತ್ತದೆ, ಆದರೆ ಕಣ್ಣಿಗೆ ಕಾಣದು. ಇನ್ನೊಬ್ಬರ ಮುಂದೆ ಕಾಲು ಚಾಚಿದ ಮೇಲೆಯೇ ಅದು ಹೊರಬರುತ್ತದೆ.

ಹೇಳಿದುದೆಲ್ಲವೂ ಆಲೋಚನೆಯಾಗುವುದಿಲ್ಲ ಎಂಬುದನ್ನು ಆಚಾರ್ಯರು ಅತ್ಯಂತ ಸೂಕ್ಷ್ಮವಾಗಿ ಕಂಡಿದ್ದಾರೆ. ಆಲೋಚನೆಗೆ ಹತ್ತು ದೋಷಗಳನ್ನು ಎಣಿಸಲಾಗಿದೆ. ಗುರುವಿಗೆ ಉಪಕರಣಗಳನ್ನು ಕೊಟ್ಟು, ಸೇವೆಮಾಡಿ, ಅವರ ಮನವನ್ನು ಕರಗಿಸಿ ಅನಂತರ ದೋಷ ಹೇಳುವುದು ಆಕಂಪಿತ. ‘ದುರ್ಬಲನು, ರೋಗಿಯು, ಅಲ್ಪ ಪ್ರಾಯಶ್ಚಿತ್ತ ಕೊಟ್ಟರೆ ಹೇಳುವೆನು’ ಎಂಬ ಲೆಕ್ಕಾಚಾರ ಅನುಮಾನಿತ. ಪರರು ಕಂಡುದನ್ನು ಮಾತ್ರ ಒಪ್ಪಿಕೊಂಡು ಕಾಣದುದನ್ನು ಬಿಡುವುದು ದೃಷ್ಟ. ದೊಡ್ಡದನ್ನಷ್ಟೇ ಹೇಳಿ ಚಿಕ್ಕದನ್ನು ಬಿಡುವುದು ಬಾದರ. ಚಿಕ್ಕದನ್ನು ಬಲು ನಿಷ್ಠೆಯಿಂದ ಹೇಳಿ ದೊಡ್ಡದನ್ನು ಅದರ ಮರೆಯಲ್ಲಿ ಉಳಿಸಿಕೊಳ್ಳುವುದು ಸೂಕ್ಷ್ಮ. ‘ಯಾರಾದರೊಬ್ಬರು ಹೀಗೆ ಮಾಡಿದರೆ ಪ್ರಾಯಶ್ಚಿತ್ತವೇನು?’ ಎಂದು ಅನ್ಯರ ಹೆಸರಿನಲ್ಲಿ ವಿಚಾರಿಸುವುದು ಛನ್ನ. ಅನೇಕರು ಒಟ್ಟಿಗೆ ದೋಷನಿವೇದನೆ ಮಾಡುವ ಪಾಕ್ಷಿಕಾದಿ ಪ್ರತಿಕ್ರಮಣದ ಗದ್ದಲದಲ್ಲಿ, ಕೇಳಿಸೀತೋ ಇಲ್ಲವೋ ಎಂಬಂತೆ ತನ್ನದನ್ನೂ ಸೇರಿಸಿಬಿಡುವುದು ಶಬ್ದಾಕುಲ. ಕೊಟ್ಟ ಪ್ರಾಯಶ್ಚಿತ್ತವನ್ನು ಹಲವರ ಬಳಿ ವಿಚಾರಿಸುತ್ತ ಹೋಗುವುದು ಬಹುಜನ. ಅರಿವಿಲ್ಲದವನಿಗೆ ಹೇಳುವುದು ಅವ್ಯಕ್ತ. ಅದೇ ದೋಷವುಳ್ಳವನನ್ನು ಹುಡುಕಿ ಹೇಳುವುದು ತತ್ಸೇವಿ. ಹತ್ತರಲ್ಲಿಯೂ ಬಾಯಿ ತೆರೆದಿದೆ, ಮಾತು ಹೊರಬಂದಿದೆ. ಮುಚ್ಚಬೇಕೆಂದುಕೊಂಡುದು ಮುಚ್ಚಿಯೇ ಉಳಿದಿದೆ.

ಮುನಿಗಳ ಸನ್ನಿಧಿ ಇಲ್ಲದೆಡೆ ಜಿನಬಿಂಬದ ಮುಂದೆ ಆಲೋಚನಾಪಾಠವನ್ನು ಪಠಿಸುವ ರೂಢಿ ಶ್ರಾವಕರಲ್ಲಿದೆ. ಅದು ಶ್ಲಾಘ್ಯ. ಆದರೆ ಪಾಠದಲ್ಲಿ ಸಕಲ ಸಂಸಾರಿಗಳ ಸಕಲ ದೋಷಗಳೂ ಬರುತ್ತವೆ. ನಿನ್ನೆ ಅಂಗಡಿಯಲ್ಲಿ ತೂಕದಲ್ಲಿ ಮಾಡಿದ ಕಡಮೆ, ಸೊಸೆಗೆ ಆಡಿದ ಕಟುನುಡಿ ಅದರಲ್ಲಿ ಬರುವುದಿಲ್ಲ. ಅವನ್ನು ಪಠಿಸುವವರೇ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಅದೂ ಶಬ್ದಾಕುಲವೇ ಆದೀತು.

ಇನ್ನು ಪರರ ದೋಷದ ವಿಷಯ. ಕನ್ನಡವು ಈ ಭೇದವನ್ನು ಚೆನ್ನಾಗಿ ಬಲ್ಲದು. ತನ್ನ ದುಃಖವನ್ನೋ ತಪ್ಪನ್ನೋ ಮನುಷ್ಯನು ‘ತೋಡಿಕೊಳ್ಳುತ್ತಾನೆ’. ಪರರ ತಪ್ಪನ್ನು ‘ಬಯಲಿಗೆಳೆಯುತ್ತಾನೆ’. ಒಂದು ಶಬ್ದದಲ್ಲಿ ತನ್ನದೇ ನೆಲವನ್ನು ಅಗೆಯುವ ಶ್ರಮವಿದೆ, ಇನ್ನೊಂದರಲ್ಲಿ ಅನ್ಯರ ಮೇಲೆ ನಡೆಸಿದ ಬಲಪ್ರಯೋಗವಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಸಾಕಾರಮಂತ್ರಭೇದ ಎಂಬೆರಡಿವೆ. ಏಕಾಂತದಲ್ಲಿ ನಡೆದುದನ್ನು ಪ್ರಕಟಪಡಿಸುವುದು ಮೊದಲನೆಯದು. ಮುಖಭಾವ ಇಂಗಿತಗಳಿಂದ ಪರರ ಅಭಿಪ್ರಾಯವನ್ನರಿತು ಅಸೂಯೆಯಿಂದ ಹೊರಗೆಡಹುವುದು ಎರಡನೆಯದು. ಇವು ಸುಳ್ಳಾಗಿರಬೇಕೆಂಬ ನಿಯಮವಿಲ್ಲ. ಇದ್ದುದನ್ನೇ ಹೇಳಿಯೂ ಸತ್ಯವ್ರತಕ್ಕೆ ಕುಂದು ತರಬಹುದು ಎಂಬುದನ್ನು ಇವು ಕಲಿಸುತ್ತವೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಅಜ್ಞಾನಿಗಳೂ ಅಶಕ್ತರೂ ಆದವರಿಂದ ಮಾರ್ಗಕ್ಕೆ ಬರುವ ಅಪವಾದವನ್ನು ನಿವಾರಿಸುವುದು ಅದರ ಲಕ್ಷಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಜಿನೇಂದ್ರಭಕ್ತನೆಂಬ ಶ್ರೇಷ್ಠಿಯನ್ನು ಹೆಸರಿಸಿದ್ದಾರೆ. ಕಳ್ಳನೊಬ್ಬನು ಕ್ಷುಲ್ಲಕನ ವೇಷದಿಂದ ಆತನ ಮನೆಯಲ್ಲಿದ್ದು, ಜಿನಬಿಂಬದ ಛತ್ರದಲ್ಲಿದ್ದ ವೈಡೂರ್ಯಮಣಿಯನ್ನು ಅಪಹರಿಸಿ ಓಡಿದನು, ತಳವಾರರು ಬೆನ್ನಟ್ಟಿದರು. ಶ್ರೇಷ್ಠಿಯು ತನ್ನ ಮಾತಿನಂತೆಯೇ ಮಣಿಯನ್ನು ತಂದನೆಂದು ಹೇಳಿ ಅವರನ್ನು ಕಳುಹಿಸಿದನು. ಬಳಿಕ ಕಳ್ಳನನ್ನು ಹೊರಗಟ್ಟಿದನು.

ಈ ಕಥೆಯನ್ನು ಅಡ್ಡ ಹಿಡಿದು, ಸಮಾಜದಲ್ಲಿ ನಡೆದ ಪ್ರತಿಯೊಂದು ಅನ್ಯಾಯವನ್ನೂ ‘ಉಪಗೂಹನ’ವೆಂಬ ಹೆಸರಿನಿಂದ ಮುಚ್ಚಿಹಾಕುವವರಿದ್ದಾರೆ. ಬಸದಿಯ ನಿಧಿಯ ಲೆಕ್ಕ ಕೇಳಿದವನೇ ಧರ್ಮದ್ರೋಹಿಯಾಗುತ್ತಾನೆ. ಕಥೆಯನ್ನು ಪೂರ್ತಿಯಾಗಿ ಓದಿದರೆ ಇದು ನಿಲ್ಲದು. ಮಣಿಯು ಶ್ರೇಷ್ಠಿಯ ಕೈಗೆ ಮರಳಿತು. ವೇಷಧಾರಿಯು ಆ ಮನೆಯಲ್ಲಿ ಉಳಿಯಲಿಲ್ಲ. ವಂಚನೆಗೊಳಗಾದವನೇ ಮುಚ್ಚಿದನು, ವಂಚಿಸಿದವನಲ್ಲ. ಪರರ ನ್ಯಾಸವನ್ನು ಅಪಹರಿಸುವುದೂ ಸತ್ಯವ್ರತದ ಅತಿಚಾರವೇ ಆಗಿರುವಾಗ, ಅದನ್ನು ಮುಚ್ಚುವುದಕ್ಕೆ ಉಪಗೂಹನವು ಹೇಗೆ ನೆರವಾದೀತು? ಎಡವಿದವನ ಮಾನವನ್ನು ಕಾಯುವುದು ಉಪಗೂಹನ. ಎಡವಿದವನನ್ನು ಎತ್ತಿ ನಿಲ್ಲಿಸುವುದು ಅದರ ಮುಂದಿನ ಅಂಗವಾದ ಸ್ಥಿತಿಕರಣ. ಎರಡನೆಯದು ಇಲ್ಲದ ಮೊದಲನೆಯದು ಬರಿಯ ಮುಚ್ಚುಮರೆ.

ಉಳಿದಿರುವುದು ತನ್ನ ಗುಣವನ್ನು ತಿಳಿಸುವ ಪ್ರಶ್ನೆ. ಪ್ರತ್ಯಾಖ್ಯಾನ, ಅಭ್ಯಾಖ್ಯಾನ, ಖ್ಯಾತಿ, ಈ ಮೂರರ ಮೂಲವೂ ‘ಖ್ಯಾ’ ಎಂಬ ಒಂದೇ ಧಾತು. ತಿಳಿಯಪಡಿಸುವುದು ಅದರ ಅರ್ಥ. ತ್ಯಾಗವನ್ನು ಗುರುಸಾಕ್ಷಿಯಾಗಿ ನುಡಿದರೆ ಪ್ರತ್ಯಾಖ್ಯಾನ. ಊರೆಲ್ಲ ಸಾರಿದರೆ ಖ್ಯಾತಿ. ಅಂತರ ಅತ್ಯಲ್ಪ. ದಶಲಕ್ಷಣ ಪರ್ವದಲ್ಲಿ ಹತ್ತು ದಿನಗಳ ಉಪವಾಸವನ್ನು ಸಂಕಲ್ಪಿಸಿದ ಶ್ರಾವಿಕೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಮೊದಲ ದಿನವೇ ಅವಳ ಭಾವಚಿತ್ರ ಹಂಚಲ್ಪಟ್ಟಿದೆ, ಮೆರವಣಿಗೆಗೆ ವಾದ್ಯದವರನ್ನು ಗೊತ್ತುಮಾಡಲಾಗಿದೆ, ಬಂಧುಗಳು ದೂರದೂರಿಂದ ಹೊರಟಿದ್ದಾರೆ. ಏಳನೆಯ ದಿನ ದೇಹ ಸೋತರೆ ಅವಳೇನು ಮಾಡಬೇಕು? ಶಾಸ್ತ್ರವು ತಪಸ್ಸನ್ನು ಶಕ್ತ್ಯನುಸಾರವಾಗಿ ವಿಧಿಸಿದೆ. ಆದರೆ ಶಕ್ತಿ ಮುಗಿಯಿತೆಂದು ಹೇಳುವ ಬಾಯಿಯನ್ನು ಜನರು ಮೊದಲೇ ಮುಚ್ಚಿಬಿಟ್ಟಿದ್ದಾರೆ. ಈಗ ಅವಳ ಮುಂದಿರುವುದು ಎರಡೇ ದಾರಿ: ಗುಟ್ಟಾಗಿ ಮುರಿದು ಮಾಯಾಶಲ್ಯವನ್ನು ಹೊರುವುದು, ಇಲ್ಲವೆ ಪ್ರಾಣವನ್ನು ಪಣವಿಡುವುದು. ಎರಡರ ಹೊಣೆಯೂ ಅವಳೊಬ್ಬಳದಲ್ಲ.

ಪ್ರಕಟಣೆಯಿಂದ ಇತರರಿಗೆ ಪ್ರೇರಣೆಯಾಗುವುದೆಂದೂ ಅದುವೇ ಪ್ರಭಾವನೆಯೆಂದೂ ಹೇಳಬಹುದು. ಪ್ರೇರಣೆಯಾಗುವುದು ನಿಜ. ಆದರೆ ಪ್ರಭಾವನೆಯು ಮಾರ್ಗದ್ದು, ವ್ಯಕ್ತಿಯದಲ್ಲ. ಪರನಿಂದೆ, ಆತ್ಮಪ್ರಶಂಸೆ, ಪರರ ಸದ್ಗುಣಗಳನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣಗಳನ್ನು ತೋರಿಸುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದೂ, ಇದರ ವಿಪರೀತವೂ ವಿನಯವೂ ಉಚ್ಚಗೋತ್ರಕ್ಕೆ ಕಾರಣವೆಂದೂ ಹೇಳಿದೆ. ಆದುದರಿಂದ ವ್ರತಿಯನ್ನು ಇತರರು ಕೊಂಡಾಡುವುದು ತಪ್ಪಲ್ಲ. ಕೊಂಡಾಡುವುದಾದರೆ ಪಾರಣೆಯಾದ ಬಳಿಕ ಕೊಂಡಾಡಲಿ. ಸಂಕಲ್ಪದ ದಿನ ಸಾಕ್ಷಿಯೊಂದೇ ಸಾಕು, ಡಂಗುರ ಬೇಡ. ನಡುವೆ ನಿಲ್ಲಿಸಬೇಕಾದವರು ನಾಚಿಕೆಯಿಲ್ಲದೆ ಗುರುವಿಗೋ ಹಿರಿಯರಿಗೋ ‘ಇನ್ನಾಗದು’ ಎಂದು ತಿಳಿಸುವಷ್ಟು ಸ್ಥಳವಾದರೂ ಉಳಿಯಲಿ. ಪಾರಣೆಯ ಮುಂಜಾನೆ ಫಲತಾಂಬೂಲ, ಶಾಲು, ಹಾರಗಳು ಬರುವುದಕ್ಕೆ ಮುನ್ನ ಒಂದು ಮುಹೂರ್ತವನ್ನು ಆಲೋಚನೆಗಾಗಿ ತೆಗೆದಿರಿಸುವುದು ಪ್ರತಿಯೊಂದು ಮನೆಯಲ್ಲಿಯೂ ಸಾಧ್ಯ. ಎಷ್ಟು ದಿನ ಉಪವಾಸವಾಯಿತೆಂಬುದನ್ನು ಊರವರು ಎಣಿಸಬಲ್ಲರು. ಆ ದಿನಗಳಲ್ಲಿ ಮನಸ್ಸು ಎಷ್ಟು ಸಲ ವ್ರತವನ್ನು ಬಿಟ್ಟುಹೋಯಿತೆಂಬ ಲೆಕ್ಕವನ್ನು ಉಪವಾಸ ಮಾಡಿದವರೇ ಒಪ್ಪಿಸಬೇಕು.