ಒಂದು ಸುತ್ತು

ನಮ್ಮ ಬೆಸಗರಹಳ್ಳಿಯ ಕಡೆ ನೀರು ಎಂದರೆ ಗದ್ದೆ, ಗದ್ದೆ ಎಂದರೆ ಸರದಿ, ಸರದಿ ಎಂದರೆ ಜಗಳ. ನೀರಿನ ಮೇಲೆ ಆಟವನ್ನೂ ಆಡಬಹುದೆಂದು ನನಗೆ ತಿಳಿದದ್ದು ತಮ್ಮನ ಮಗಳಿಂದ. ಕನ್ನಂಬಾಡಿಯ ಹಿನ್ನೀರಿನಲ್ಲಿ ಹಾಯಿದೋಣಿ ಕಲಿತ ಹುಡುಗಿ ಅವಳು. ಬಾಯಿ ತೆರೆದರೆ ‘ಲೇಸರ್’. ನಾನು ಕಣ್ಣಿನ ಆಪರೇಷನ್ನಿನ ಮಾತೇನೋ ಅಂದುಕೊಂಡಿದ್ದೆ!

ಲೇಸರ್ ಎಂದರೆ ಒಬ್ಬರೇ ನಡೆಸುವ, ಒಂದೇ ಹಾಯಿಯ ಪುಟ್ಟ ದೋಣಿಯಂತೆ. ನಕ್ಷೆ ಕೆನಡಾದ ಬ್ರೂಸ್ ಕರ್ಬಿ ಅವರದು. ಒಡಲಿನ ತೂಕ 59 ಕಿಲೋ, ಹೆಚ್ಚುಕಡಿಮೆ ಒಂದು ಮೂಟೆ ಭತ್ತದ ಲೆಕ್ಕ. ಎಲ್ಲರದೂ ಒಂದೇ ಅಚ್ಚಿನ ದೋಣಿ; ದುಡ್ಡಿದ್ದವಳು ಹೆಚ್ಚಿನದನ್ನು ಮಾಡಿಸಿಕೊಳ್ಳುವಂತಿಲ್ಲ. 1996ರಲ್ಲಿ ಒಲಿಂಪಿಕ್ಸಿಗೆ ಸೇರಿತು. ಚಿಕ್ಕ ಹಾಯಿಯ ರೇಡಿಯಲ್ 2008ರಲ್ಲಿ ಹೆಣ್ಣುಮಕ್ಕಳ ಸ್ಪರ್ಧೆಗೆ ಬಂತು. ಚೆನ್ನೈನ ನೇತ್ರಾ ಕುಮನನ್ 2021ರಲ್ಲಿ ಟೋಕಿಯೊ ಕೂಟದಲ್ಲಿ ಓಡಿಸಿದ್ದು ಅದನ್ನೇ. ನಮ್ಮ ದೇಶದಿಂದ ಒಲಿಂಪಿಕ್ಸಿನ ಹಾಯಿದೋಣಿಗೆ ಅರ್ಹತೆ ಪಡೆದ ಮೊದಲ ಹೆಣ್ಣುಮಗಳು ಅವರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ, ಆ ಆಟದ ಒಂದು ನಿಯಮ. ತಿರುವಿನಲ್ಲಿ ತೇಲುವ ಗುರುತಿಗೆ ದೋಣಿ ತಾಕಿದರೆ, ತಾಕಿಸಿದವಳು ಪಕ್ಕಕ್ಕೆ ಸರಿದು ತಾನಾಗಿಯೇ ಒಂದು ಸುತ್ತು ತಿರುಗಿ ಮುಂದೆ ಹೋಗಬೇಕು. ಇನ್ನೊಬ್ಬರಿಗೆ ಬಿಡಬೇಕಾದ ದಾರಿ ಬಿಡದಿದ್ದರೆ ಎರಡು ಸುತ್ತು. ಅದೂ ಆಗಲೇ, ಅಲ್ಲೇ.

“ಯಾರೂ ನೋಡದಿದ್ದರೆ?” ಎಂದೆ.

“ನಾನು ನೋಡಿರ್ತೀನಲ್ಲ ಅತ್ತೆ” ಎಂದಳು.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಎಷ್ಟೋ ವರ್ಷದ ಹಿಂದೆ, ಯಜಮಾನರು ಊರಲ್ಲಿಲ್ಲದ ದಿನ, ಗುದ್ದಲಿ ಹಿಡಿದು ಪಕ್ಕದ ಗದ್ದೆಯವಳ ಸರದಿಯ ನೀರನ್ನು ನಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದೆ. ಗಂಡನಿಲ್ಲದವಳು, ಭತ್ತ ಹೊಡೆಗೆ ಬಂದಿತ್ತು. ಬೆಳಿಗ್ಗೆ ಅವಳು ಬೈದದ್ದು ನೀರುಗಂಟಿಯನ್ನು. ಲಂಚ ತಿಂದವನೆಂದು ಊರೆಲ್ಲ ಆಡಿಕೊಂಡಿತು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಆ ಹುಡುಗಿಯ ಸುತ್ತಿಗೆ ಅರ್ಥವಿದೆ; ಸುತ್ತಿದಷ್ಟು ಹೊತ್ತು ಅವಳು ಹಿಂದೆ ಬೀಳುತ್ತಾಳೆ, ಉಳಿದವರು ಮುಂದಾಗುತ್ತಾರೆ. ಇಷ್ಟು ತಡವಾಗಿ ನಾನು ಸುತ್ತಿದರೆ ಯಾರಿಗೆ ಲಾಭ? ನನ್ನ ಎದೆ ಹಗುರಾಗಬಹುದು, ಅಷ್ಟೆ. ಅದೂ ಒಂದು ಸ್ವಾರ್ಥವಲ್ಲವೇ? ಹೀಗೆಲ್ಲ ವಾದ ಹೂಡಿದೆ. ಆಮೇಲೆ, ಸುಮ್ಮನಿರುವುದಕ್ಕೆ ಇಷ್ಟೊಂದು ವಾದ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಮೊನ್ನೆ ಅವಳು ಮಜ್ಜಿಗೆಗೆ ಬಂದಿದ್ದಳು. ಹೇಳಿಬಿಟ್ಟೆ. ಬಯ್ಯಲಿಲ್ಲ. ಚೆಂಬನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಳು.

“ನೀರುಗಂಟಿ ಸತ್ತೋದ. ಅವನ ಮಗಂಗೆ ಯೋಳಿದ್ಯಾ ಅಕ್ಕಾ?”

ಮಗ ಮದ್ದೂರಿನಲ್ಲಿದ್ದಾನೆ. ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗದು. ನಾನಿನ್ನೂ ಹೋಗಿಲ್ಲ.